ನಾ ಅವಂಗ ಸಾಲ ಕೊಟ್ಟೇನೇನು?

2008ರ ಮಳೆಗಾಲ. ಬ್ಯಾಡಗಿಯಲ್ಲಿ ನಮ್ಮ ಮನೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿತ್ತು. ನಿಂತಿತ್ತು ಅಂದರೆ ನಿಂತೇಬಿಟ್ಟಿತ್ತು. ಗೌಂಡಿಗಳು ಬರೋದು ಬಿಟ್ಟು ಇಪ್ಪತ್ತು ದಿನ ಆಗಿತ್ತು, ಉಸುಕಿನ ಗುಡ್ಡೆಯ ಮೇಲೆ ಹುಲ್ಲು ಚಿಗುರಿತ್ತು, ಕಾಲಂ ಮೇಲಿನ ಸಳಿಗಳು ಮಳೆಯಲ್ಲಿ ತೊಯ್ದು ಕೆಂಪಾಗಿದ್ದವು. ಕಾಂಟ್ರಾಕ್ಟರ್ ರಾಣೆಬೆನ್ನೂರಿನವರು. ಫೋನ್ ಸ್ವಿಚ್ ಆಫ್. ಅಪ್ಪ ಒಂದು ದಿನ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋಗಿ ಬಂದರು. ಬಂದವರು ಚಾ ಕುಡಿಯಲಿಲ್ಲ. ಗೋಡೆಗೆ ಒರಗಿ ಕೂತು, "ಅಂವಾ ಹಾವೇರಿ ಕೋರ್ಟಿನ್ಯಾಗ ಪಾಪರ್ ಚೀಟಿ ತಗೊಳ್ಳಾಕ ಹಾಕ್ಯಾನಂತ" ಅಂದರು.

ನಮ್ಮಪ್ಪ ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ದಿವಾನಜಿ. ಊರಿನವರ ಲೆಕ್ಕವನ್ನೆಲ್ಲ ಪೈಸೆ ಬಿಡದೆ ಬರೆಯುವ ಮನುಷ್ಯ. ಅಂಥವರು ತಮ್ಮ ಸ್ವಂತ ಮನೆಗೆ 5 ಲಕ್ಷ 20 ಸಾವಿರಕ್ಕೆ ಮಾತಾಡಿ, 3 ಲಕ್ಷ ಕೊಟ್ಟುಬಿಟ್ಟಿದ್ದರು. ಕರಾರು ಪತ್ರ ಇತ್ತು, ಎರಡು ಪುಟದ್ದು. ಯಾವ ಹಂತಕ್ಕೆ ಎಷ್ಟು ದುಡ್ಡು ಅಂತ ಅದರಲ್ಲಿ ಇರಲಿಲ್ಲ. ಮೇಲಾಗಿ, ಬಾಗಿಲಿನ ಸಾಗವಾನಿ ಚೌಕಟ್ಟುಗಳನ್ನು ಅಪ್ಪ ತಾವೇ ಹಾನಗಲ್ಲಿನಲ್ಲಿ ಮಾಡಿಸಿ, ಮಳೆಗೆ ತೊಯ್ಯಬಾರದು ಅಂತ ಆ ಕಾಂಟ್ರಾಕ್ಟರನ ಶೆಡ್ಡಿನಲ್ಲಿ ಇಡಿಸಿದ್ದರು. ಆ ಶೆಡ್ಡಿಗೆ ಈಗ ಕೋರ್ಟು ನೇಮಿಸಿದ ರಿಸೀವರ್ ಬೀಗ ಹಾಕಿಸಿದ್ದರು.

ಹಾವೇರಿಯಲ್ಲಿ ಪರಿಚಯದ ಒಬ್ಬ ವಕೀಲರಿದ್ದರು. ಅವರ ಹತ್ತಿರ ಹೋದೆವು. ನಾನು ಆಗಷ್ಟೇ ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಸೀಟಿಗೆ ಕಾಯುತ್ತಿದ್ದೆ, ಜೊತೆಗೆ ಹೋಗಿದ್ದೆ. ವಕೀಲರು ಅರ್ಜಿಯ ನಕಲು ತರಿಸಿ ನೋಡಿದರು. ಆ ಕಾಂಟ್ರಾಕ್ಟರ್ ಯಾರಿಗೆಲ್ಲ ಕೊಡಬೇಕು ಅಂತ ಪಟ್ಟಿ ಕೊಟ್ಟಿದ್ದ. ಬ್ಯಾಂಕು, ಸಿಮೆಂಟ್ ಅಂಗಡಿ, ಕಬ್ಬಿಣದ ಅಂಗಡಿ, ನಾಲ್ಕು ಜನ ಕೈಗಡ ಕೊಟ್ಟವರು. ಮನೆ ಕಟ್ಟಿಸೋಕೆ ಮುಂಗಡ ಕೊಟ್ಟ ನಮ್ಮಂಥವರ ಒಂದು ಹೆಸರೂ ಇರಲಿಲ್ಲ. "ದಿವಾನಜೀ, ನೀವೂ ಸಾಲ ಕೊಟ್ಟವರು ಅಂತ ಅರ್ಜಿ ಹಾಕ್ರಿ, ಪಟ್ಟಿಗೆ ಸೇರಸ್ತೇವಿ" ಅಂದರು ವಕೀಲರು.

ಅಪ್ಪನಿಗೆ ಅದು ಅವಮಾನದ ಮಾತಿನಂತೆ ಕೇಳಿಸಿತು. "ನಾ ಅವಂಗ ಸಾಲ ಕೊಟ್ಟೇನೇನ್ರೀ? ಮನಿ ಕಟ್ಟಾಕ ಕೊಟ್ಟೀನಿ. ಸಾಲ ಕೊಟ್ಟೋರ ಸಾಲಿನ್ಯಾಗ ನಾ ಯಾಕ ನಿಂದರ್ಲಿ?"

ಅರ್ಜಿ ಹಾಕಲಿಲ್ಲ. ಎದ್ದು ಬಂದರು.

ಹದಿನೇಳು ವರ್ಷ ಆಯ್ತು. ಸ್ಟುಡಿಯೋದಲ್ಲಿ ಕೂತು ಬಿಲ್ಡರ್ ಓಡಿಹೋದ, ಕಂಪನಿ ದಿವಾಳಿ ಆಯ್ತು ಅನ್ನೋ ಸುದ್ದಿ ಓದುವಾಗಲೆಲ್ಲ ನನಗೆ ಆ ಮಾತು ಕಿವಿಯಲ್ಲಿ ಬರುತ್ತೆ. ಅಪ್ಪ ಮಾಡಿದ್ದು ತಪ್ಪು. ಆದರೆ ಅವರು ಕೇಳಿದ ಪ್ರಶ್ನೆ ತಪ್ಪಲ್ಲ. ಮುಂಗಡ ಕೊಟ್ಟ ಗ್ರಾಹಕ ಸಾಲ ಕೊಟ್ಟವನಾ, ಅಲ್ಲವಾ? ಈ ದೇಶದ ಕಾನೂನು ಇದಕ್ಕೆ ಉತ್ತರ ಹುಡುಕೋದಕ್ಕೆ ತಗೊಂಡ ಸಮಯದ ಕಥೆ ಇದೆಯಲ್ಲ, ಅದನ್ನ ನಿಮಗೆ ಹೇಳಬೇಕು.

ಮೊದಲು 'ಪಾಪರ್ ಚೀಟಿ' ಅನ್ನೋ ಮಾತು. ನಮ್ಮ ಕಡೆ ದಿವಾಳಿ ಎದ್ದವನಿಗೆ ಪಾಪರ್ ಅಂತಾರೆ. ಕೋರ್ಟಿನ ಹಳೇ ಭಾಷೆಯಲ್ಲಿ ಪಾಪರ್ ಅಂದರೆ ಅವನಲ್ಲವೇ ಅಲ್ಲ! ದಾವೆ ಹೂಡೋಕೆ ಕೋರ್ಟ್ ಫೀ ಕಟ್ಟಲಾಗದ ಬಡವ ಪಾಪರ್. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆರ್ಡರ್ ಇಡೀ ಅವನದ್ದೇ; ಫೀ ಕಟ್ಟದೆ ದಾವೆ ನಡೆಸಲು ಅವನಿಗೆ ಅವಕಾಶ ಕೊಡುತ್ತೆ. 1976ರ ತಿದ್ದುಪಡಿಯಲ್ಲಿ ಆ ಪದ ತೆಗೆದು 'ನಿರ್ಗತಿಕ ವ್ಯಕ್ತಿ' ಅಂತ ಮಾಡಿದರು. ನಮ್ಮ ಜನ ಮಾತ್ರ ಬಡ ದಾವೆದಾರನ ಹೆಸರನ್ನು ಮುಳುಗಿದ ಸಾಲಗಾರನಿಗೆ ಇಟ್ಟು ಇವತ್ತಿಗೂ ಹಾಗೇ ಕರೀತಾರೆ. ಇನ್ನು 'ದಿವಾಳಿ'. ವ್ಯಾಪಾರ ಮುಳುಗಿದ ಸಾಹುಕಾರ ಹಾಡಹಗಲೇ ಅಂಗಡಿಯಲ್ಲಿ ದೀಪ ಹಚ್ಚಿಟ್ಟು, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಪೇಟೆಗೆ ತಿಳಿಸುತ್ತಿದ್ದ, ಆ ದೀವಾದಿಂದ ಈ ಪದ ಬಂತು ಅನ್ನೋ ವಿವರಣೆ ಇದೆ. ಎಷ್ಟು ನಿಜವೋ, ಆದರೆ ಚಂದ ಇದೆ. ಕನಿಷ್ಠ ಅವನು ಹೇಳಿಯಾದರೂ ಮುಳುಗುತ್ತಿದ್ದ. ಫೋನ್ ಸ್ವಿಚ್ ಆಫ್ ಮಾಡುತ್ತಿರಲಿಲ್ಲ.

ಈಗ ಒಂಬೈನೂರು ವರ್ಷ ಹಿಂದಕ್ಕೆ ಹೋಗೋಣ. ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ ಕಾಲ, 1076ರಿಂದ 1126. ಇವತ್ತಿನ ಹಾವೇರಿ ಸೀಮೆಯೂ ಆ ರಾಜ್ಯದ ಒಳಗೇ ಇತ್ತು. ಆ ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ 'ಮಿತಾಕ್ಷರಾ' ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ. ಅದರಲ್ಲಿ ಸಾಲ ವಸೂಲಿಯದ್ದು ಒಂದು ಪ್ರಕರಣ, ಕೂಲಿ-ಸಂಬಳದ್ದು ಇನ್ನೊಂದು ಪ್ರಕರಣ. ಎರಡನ್ನೂ ಒಂದೇ ಚೀಲಕ್ಕೆ ಹಾಕಿಲ್ಲ. ಮುಂಗಡ ಕೂಲಿ ತಗೊಂಡು ಕೆಲಸ ಅರ್ಧಕ್ಕೆ ಬಿಟ್ಟವನು ಅದರ ಎರಡು ಪಟ್ಟು ಕಟ್ಟಬೇಕು, ತಗೊಳ್ಳದೆ ಒಪ್ಪಿಕೊಂಡು ಬಿಟ್ಟವನು ಒಂದು ಪಟ್ಟು ಕಟ್ಟಬೇಕು, ಕೆಲಸದ ಸಲಕರಣೆಗಳನ್ನು ಆಳು ಕಾಪಾಡಬೇಕು ಅನ್ನೋದು ಅಲ್ಲಿನ ನಿಯಮ. ನಮ್ಮಪ್ಪನ ವಾದ ಅಕ್ಷರಶಃ ಇದೇ! ನಾನು ಸಾಲ ಕೊಟ್ಟಿಲ್ಲ, ಕೆಲಸಕ್ಕೆ ಕೊಟ್ಟಿದ್ದೇನೆ, ಅದರ ಲೆಕ್ಕ ಬೇರೆ.

ಹಾಗಂತ ಹಳೇದೆಲ್ಲ ಬಂಗಾರ ಅಂತ ನಾನು ಹೇಳೋಕೆ ಹೊರಟಿಲ್ಲ. ಅದೇ ಗ್ರಂಥ, ಕೈಯಲ್ಲಿ ಕಾಸಿಲ್ಲದ ಕೆಳಜಾತಿಯ ಸಾಲಗಾರನನ್ನು ದುಡಿಸಿಕೊಂಡು ಸಾಲ ತೀರಿಸಿಕೋ ಅನ್ನುತ್ತೆ, ಬ್ರಾಹ್ಮಣ ಸಾಲಗಾರನಾದರೆ ಆದಾಯ ಬಂದಂತೆ ನಿಧಾನಕ್ಕೆ ಕೊಡಲಿ ಅನ್ನುತ್ತೆ. ದಿವಾಳಿತನಕ್ಕೂ ಜಾತಿ ಇತ್ತು. ಮರೆಯೋದು ಬೇಡ.

ಬ್ರಿಟಿಷರು ಬಂದಾಗ ಮಿತಾಕ್ಷರಾ ಅವರ ಕೋರ್ಟಿಗೆ ಹೋಯಿತು. ಆದರೆ ಹೋಗಿದ್ದು ಆಸ್ತಿ ಪಾಲಿನ ಭಾಗ. ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದಿದ್ದು ಅದನ್ನೇ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳೋಕೆ ಮಿತಾಕ್ಷರಾ ಬೇಕಾಯ್ತು. ಕೂಲಿ, ಮುಂಗಡ, ಕರಾರಿನ ವಿಷಯಕ್ಕೆ ಕೊನೆಗೆ 1872ರ ಭಾರತೀಯ ಕರಾರು ಕಾಯ್ದೆ ಬಂತು. ಅದು ಕೆಟ್ಟ ಕಾಯ್ದೆಯೇನಲ್ಲ. ಅದರ 73ನೇ ಕಲಂ ಪ್ರಕಾರ, ಮಾತು ಮುರಿದವನಿಂದ ನಷ್ಟ ವಸೂಲಿ ಮಾಡಬಹುದು. ಇನ್ನೊಬ್ಬ ಗೌಂಡಿಯನ್ನು ಹಚ್ಚಿ ಮನೆ ಮುಗಿಸಿ, ಹೆಚ್ಚಿಗೆ ಬಿದ್ದ ಖರ್ಚನ್ನು ಮೊದಲಿನವನಿಂದ ಕೇಳಬಹುದು. ಆದರೆ ಕೇಳೋದು ಯಾರ ಹತ್ತಿರ? ಅವನ ಹತ್ತಿರ ಇದ್ದರೆ ತಾನೇ!

ಇಲ್ಲದವನ ಕಾನೂನು ಬೇರೆ ದಾರಿಯಲ್ಲಿ ಬೆಳೆಯಿತು. ಇಂಗ್ಲೆಂಡಿನಲ್ಲಿ ಸಾಲ ತೀರಿಸದವನಿಗೆ ಜೈಲು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನ ಅಪ್ಪನೇ 1824ರಲ್ಲಿ ಮಾರ್ಷಲ್ಸೀ ಜೈಲಿನಲ್ಲಿದ್ದ, ಹನ್ನೆರಡು ವರ್ಷದ ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಅಂಥ ಸಾಲಗಾರರಿಗೆ ಬಿಡುಗಡೆ ಕೊಡೋಕೆ ಭಾರತದಲ್ಲಿ 1828ರಲ್ಲಿ ಕಾನೂನು ಬಂತು, ಕಲ್ಕತ್ತಾ, ಮದ್ರಾಸ್, ಮುಂಬೈ ಈ ಮೂರು ಪಟ್ಟಣಗಳಿಗೆ ಮಾತ್ರ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗೆ ಬಹಳ ಕಾಲ ಪ್ರತ್ಯೇಕ ದಿವಾಳಿ ಕಾಯ್ದೆಯೇ ಇರಲಿಲ್ಲ. ನಮ್ಮದು ಆಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ. ಸಾಲಗಾರನನ್ನು ಸಿವಿಲ್ ಜೈಲಿಗೆ ಹಾಕಿಸಬಹುದಿತ್ತು. ಒಂದು ತಮಾಷೆ ಏನಂದರೆ, ಅವನ ಊಟದ ಖರ್ಚನ್ನು ಸಾಲ ಕೊಟ್ಟವನೇ ಕಟ್ಟಬೇಕು. ಆ ನಿಯಮ ಇವತ್ತೂ ಇದೆ. ರೊಕ್ಕವೂ ಹೋಯ್ತು, ಮೇಲೆ ಊಟವನ್ನೂ ಹಾಕು!

ಈ ಭಾಗದ ಆಡಳಿತವನ್ನು ಬೆಚ್ಚಿಬೀಳಿಸಿದ್ದು 1875ರ ಮೇ 12. ಪುಣೆ ಜಿಲ್ಲೆಯ ಸೂಪಾ ಸಂತೆಯಲ್ಲಿ ರೈತರು ಸಾಹುಕಾರರ ಮನೆ ನುಗ್ಗಿ ಸಾಲಪತ್ರಗಳನ್ನು ಕಿತ್ತುಕೊಂಡು ಸುಟ್ಟರು. ಗಲಭೆ ಅಹ್ಮದ್‌ನಗರಕ್ಕೂ ಹಬ್ಬಿತು. ನಾಲ್ಕು ವರ್ಷದ ಮೇಲೆ, 1879ರಲ್ಲಿ ದಖನ್ ರೈತರ ಪರಿಹಾರ ಕಾಯ್ದೆ ಬಂತು. ರೈತ ದಿವಾಳಿಯಾದರೆ ಏನು ಅನ್ನೋದಕ್ಕೆ ಅದರಲ್ಲಿ ಒಂದು ಅಧ್ಯಾಯವೇ ಇತ್ತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದ್‌ನಗರಕ್ಕೆ, ಆಮೇಲೆ ಪ್ರಾಂತದ ಉಳಿದ ಕಡೆಗೂ ಹರಡಿತು. ಕೊನೆಗೆ 1907ರಲ್ಲಿ ಮುಫಸಲ್ ಊರುಗಳಿಗೆಲ್ಲ ಒಂದು ಪ್ರಾಂತೀಯ ದಿವಾಳಿ ಕಾಯ್ದೆ, ಅದನ್ನು ತಿದ್ದಿ 1920ರಲ್ಲಿ ಇನ್ನೊಂದು. ತುಂಗಭದ್ರೆಯ ಈಚೆ ದಂಡೆಯ ರಾಣೆಬೆನ್ನೂರು ತಾಲ್ಲೂಕಿಗೆ ಇದು, ಸೇತುವೆ ದಾಟಿ ಹರಿಹರಕ್ಕೆ ಹೋದರೆ ಮೈಸೂರು ಸಂಸ್ಥಾನ, ಅಲ್ಲಿ ಮಹಾರಾಜರ ಕಾನೂನು.

ಗಮನಿಸಿ, ಈ ಇಡೀ ಇತಿಹಾಸದಲ್ಲಿ ಇಬ್ಬರೇ ಪಾತ್ರಧಾರಿಗಳು. ಸಾಲ ಕೊಟ್ಟ ಸಾಹುಕಾರ, ಸಾಲ ತಗೊಂಡ ಬಡಪಾಯಿ. ಒಬ್ಬನ ದುಡ್ಡು ಉಳಿಸಬೇಕು, ಇನ್ನೊಬ್ಬನ ಜೀವ ಉಳಿಸಬೇಕು. ಮನೆ ಕಟ್ಟಿಸೋಕೆ ಇಸಾರ ಕೊಟ್ಟು ಕಾಯುತ್ತಾ ಕೂತ ಮೂರನೆಯವನು ಎಲ್ಲೂ ಇಲ್ಲ. ಅವನು ಬರಬೇಕಾದರೆ ಸಾಹುಕಾರನ ಟೊಪ್ಪಿಗೆ ಹಾಕಿಕೊಂಡೇ ಬರಬೇಕು.

ಆದರೆ ಒಬ್ಬ ಗ್ರಾಹಕ ಮಾತ್ರ ಆಗಲೇ ಹುಷಾರಾಗಿದ್ದ. ಯಾರು ಗೊತ್ತಾ? ಸರ್ಕಾರ! 1850ರ ದಶಕದಲ್ಲಿ ಲೋಕೋಪಯೋಗಿ ಇಲಾಖೆ ಶುರುವಾಯ್ತು. ನಾನು ಸಿವಿಲ್ ಇಂಜಿನಿಯರಿಂಗ್ ಓದಿದವನು, ಆ ಇಲಾಖೆಯ ಪದ್ಧತಿಗಳನ್ನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದೇನೆ. ಟೆಂಡರ್ ಹಾಕುವಾಗಲೇ ಇಎಂಡಿ. ಕೆಲಸ ಅಳೆದು ಮೆಜರ್‌ಮೆಂಟ್ ಪುಸ್ತಕದಲ್ಲಿ ಬರೆದ ಮೇಲೆಯೇ ರನ್ನಿಂಗ್ ಬಿಲ್. ಪ್ರತಿ ಬಿಲ್ಲಿನಲ್ಲೂ ಒಂದಿಷ್ಟು ಭದ್ರತಾ ಠೇವಣಿ ಅಂತ ಹಿಡಿದಿಟ್ಟುಕೊಳ್ಳೋದು. ಗುತ್ತಿಗೆದಾರ ಕೈಬಿಟ್ಟರೆ ಅವನ ಖರ್ಚಿನಲ್ಲಿ ಬೇರೆಯವರಿಂದ ಮಾಡಿಸೋದು. ಅಂದರೆ ಗುತ್ತಿಗೆದಾರ ನಾಳೆ ಮುಳುಗಿದರೂ ಸರ್ಕಾರ ಅವನಿಗೆ ಮುಂಗಡ ಕೊಟ್ಟವನಾಗಿ ನಿಲ್ಲಲ್ಲ. ಸರ್ಕಾರದ ಕೈಯಲ್ಲೇ ಅವನ ದುಡ್ಡು ಇರುತ್ತೆ. ನಮ್ಮಪ್ಪನಿಗೆ ಇದನ್ನ ಹೇಳೋರು ಇರಲಿಲ್ಲ. ನಾನು ಕಲಿತಿದ್ದು ಆರನೇ ಸೆಮಿಸ್ಟರಿನಲ್ಲಿ, 2011ರಲ್ಲಿ. ಎಸ್ಟಿಮೇಷನ್ ಪಾಠ ಮುಗಿದ ವಾರ ಊರಿಗೆ ಬಂದು ನಮ್ಮ ಅರೆಬರೆ ಮನೆಯನ್ನೇ ಟೇಪ್ ಹಿಡಿದು ಅಳೆದೆ. ಆಗಿದ್ದ ಕೆಲಸ, 2008ರ ದರದಲ್ಲಿ, 1 ಲಕ್ಷ 15 ಸಾವಿರದ್ದು. ಕೊಟ್ಟಿದ್ದು 3 ಲಕ್ಷ. ಬರಬೇಕಾದ್ದು 1 ಲಕ್ಷ 85 ಸಾವಿರ. ಲೆಕ್ಕ ಸರಿಯಾಗಿತ್ತು, ಮೂರು ವರ್ಷ ತಡವಾಗಿತ್ತು.

ಯಾಕೆ ತಡ ಅಂದರೆ, ನಮ್ಮ ಮುಂದೆ ಇನ್ನೊಂದು ಬಾಗಿಲು ತೆರೆದೇ ಇತ್ತು. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಿತ್ತು. ಮನೆ ಕಟ್ಟಿಕೊಡೋದು 'ಸೇವೆ'ಯಾ ಅನ್ನೋ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1993ರ ನವೆಂಬರ್‌ನಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರ ವಿರುದ್ಧ ಎಂ.ಕೆ. ಗುಪ್ತಾ ಪ್ರಕರಣದಲ್ಲಿ ಹೌದು, ಸೇವೆಯೇ ಅಂತ ತೀರ್ಪಾಗಿತ್ತು. ಅಲ್ಲಿ ಅಪ್ಪ ಸಾಲ ಕೊಟ್ಟವರು ಅಂತ ಹೇಳಿಕೊಳ್ಳಬೇಕಿರಲಿಲ್ಲ, ಗ್ರಾಹಕ ಅಂದಿದ್ದರೆ ಸಾಕಿತ್ತು. ಆದರೆ ಎರಡು ವರ್ಷದ ಒಳಗೆ ಹೋಗಬೇಕು. ನಾವು ಮೂರು ವರ್ಷ ಕಾಂಟ್ರಾಕ್ಟರನ ಮೈದುನನ ಮಾತು ಕೇಳಿ ಕಾದೆವು. "ಇವತ್ತು ಕೊಡ್ತಾನ, ನಾಳೆ ಕೊಡ್ತಾನ."

ಈಗ ಹೊಸ ಕಾಲಕ್ಕೆ ಬರೋಣ. 2016ರ ಮೇ 28ರಂದು ದಿವಾಳಿ ಸಂಹಿತೆಗೆ ರಾಷ್ಟ್ರಪತಿ ಅಂಕಿತ ಬಿತ್ತು, ಐಬಿಸಿ. ಕ್ರಾಂತಿಕಾರಿ ಕಾನೂನು ಅಂತ ನಾವೂ ಚಾನೆಲ್‌ಗಳಲ್ಲಿ ಕೊಂಡಾಡಿದೆವು. ಮರುವರ್ಷವೇ, 2017ರ ಆಗಸ್ಟ್‌ನಲ್ಲಿ ಜೇಪೀ ಇನ್ಫ್ರಾಟೆಕ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ನೋಯ್ಡಾದಲ್ಲಿ ಫ್ಲ್ಯಾಟಿಗೆ ದುಡ್ಡು ಕೊಟ್ಟು ಕಾಯುತ್ತಿದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಕೂತವು. ಕ್ಲೇಮ್ ಹಾಕೋಕೆ ಹೋದರೆ ಏನಾಯ್ತು? ಬ್ಯಾಂಕಿಗೆ ಒಂದು ಫಾರ್ಮ್ ಇತ್ತು, ಸರಕು ಕೊಟ್ಟವರಿಗೆ ಒಂದು, ಕಾರ್ಮಿಕರಿಗೆ ಒಂದು. ಮನೆ ಕೊಂಡವರಿಗೆ ಫಾರ್ಮೇ ಇರಲಿಲ್ಲ! ಅವಸರದಲ್ಲಿ 'ಇತರೆ' ಅನ್ನೋರಿಗಾಗಿ ಫಾರ್ಮ್ ಎಫ್ ಹೊರಡಿಸಿದರು. ಜೀವಮಾನದ ದುಡಿಮೆ ಸುರಿದವರು 'ಇತರೆ'. ಆ ಸುದ್ದಿ ಓದಿದ ದಿನ ನನಗೆ ಹಾವೇರಿಯ ವಕೀಲರ ಕೋಣೆ ನೆನಪಾಯ್ತು.

ಮನೆ ಕೊಂಡವರು ಸುಮ್ಮನಿರಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದರು. 2018ರ ಜೂನ್ 6ರಂದು ಸುಗ್ರೀವಾಜ್ಞೆ ಬಂತು: ಫ್ಲ್ಯಾಟಿಗೆ ಮುಂಗಡ ಕೊಟ್ಟವರು ಬ್ಯಾಂಕಿನ ಹಾಗೇ ಫೈನಾನ್ಷಿಯಲ್ ಕ್ರೆಡಿಟರ್, ಸಾಲ ಕೊಟ್ಟವರ ಸಮಿತಿಯಲ್ಲಿ ಅವರಿಗೂ ಮತ. ಬಿಲ್ಡರ್‌ಗಳು ಇದನ್ನ ಪ್ರಶ್ನಿಸಿದರು. 2019ರ ಆಗಸ್ಟ್ 9ರಂದು ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೊಟ್ಟ ಮುಂಗಡದಿಂದಲೇ ಬಿಲ್ಡರ್ ಕಟ್ಟಡ ಎಬ್ಬಿಸುತ್ತಾನೆ, ಹಾಗಾಗಿ ಅದರಲ್ಲಿ ಸಾಲದ ಗುಣ ಇದೆ ಅನ್ನೋದು ತರ್ಕ. 2022ರ ಫೆಬ್ರವರಿಯಲ್ಲಿ ಇನ್ನೂ ಒಂದು ಹೆಜ್ಜೆ. ಚೆನ್ನೈ ಮೆಟ್ರೋ ಕೆಲಸಕ್ಕೆ ದೀಪದ ಸಾಮಾನು ಕೊಡ್ತೀನಿ ಅಂದವರಿಗೆ 50 ಲಕ್ಷ ಮುಂಗಡ ಹೋಗಿತ್ತು, ಗುತ್ತಿಗೆ ರದ್ದಾಯ್ತು, ದುಡ್ಡು ವಾಪಸ್ ಬರಲಿಲ್ಲ. ಆ ಹಿಟ್ರೋ ಎನರ್ಜಿ ಪ್ರಕರಣದಲ್ಲಿ, ಸರಕಿಗೋ ಸೇವೆಗೋ ಮುಂಗಡ ಕೊಟ್ಟವನೂ ಆಪರೇಷನಲ್ ಕ್ರೆಡಿಟರ್ ಅಂತ ಸುಪ್ರೀಂ ಕೋರ್ಟು ಹೇಳಿತು. ಅಪ್ಪನ ಪ್ರಶ್ನೆಗೆ ಉತ್ತರ ಬಂತು. ಹೌದು ದಿವಾನಜೀ, ನೀವು ಸಾಲ ಕೊಟ್ಟಿರಿ, ನಿಮಗೇ ಗೊತ್ತಿಲ್ಲದೆ.

ಆದರೆ ಇದೆಲ್ಲ ಕಂಪನಿಗಳ ಮಾತು. ಹಾವೇರಿ ಜಿಲ್ಲೆಯಲ್ಲಿ ಮನೆ ಕಟ್ಟೋ ಕಾಂಟ್ರಾಕ್ಟರುಗಳಲ್ಲಿ ಎಷ್ಟು ಜನ ಪ್ರೈವೇಟ್ ಲಿಮಿಟೆಡ್? ಅವರು ತಮ್ಮ ಹೆಸರಲ್ಲೇ ದಂಧೆ ಮಾಡೋರು, ಇಲ್ಲವೇ ಪಾಲುದಾರಿಕೆ. ಐಬಿಸಿಯಲ್ಲಿ ವ್ಯಕ್ತಿಗಳ ದಿವಾಳಿಗೆ ಅಂತ ಒಂದು ಇಡೀ ಭಾಗ ಬರೆದಿಟ್ಟಿದ್ದಾರೆ; ಕಂಪನಿಗಳಿಗೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ ಅದು 2019ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಉಳಿದವರಿಗೆ? ಅದೇ 1920ರ ಕಾಯ್ದೆ! ಅದು ರದ್ದಾಗಿಲ್ಲ ಅಂತ ಕೇಂದ್ರ ಸರ್ಕಾರವೇ 2017ರಲ್ಲಿ ಸ್ಪಷ್ಟೀಕರಣ ಕೊಡಬೇಕಾಯ್ತು. ಕೈಯಲ್ಲಿ ಯುಪಿಐ ಇಟ್ಟುಕೊಂಡು ಮುಂಗಡ ಕೊಡುವ ನೀವು, ವಸೂಲಿಗೆ ಹೋದಾಗ ಆಣೆಯ ಕಾಲಕ್ಕೆ ಹೋಗಿ ನಿಲ್ತೀರಿ. ಉತ್ಪ್ರೇಕ್ಷೆ ಅಲ್ಲ, ದಿವಾಳಿಯಾದವನ ಆಸ್ತಿ ರೂಪಾಯಿಗೆ ಎಂಟಾಣೆಯಷ್ಟೂ ಬರದಿದ್ದರೆ, ಅದಕ್ಕೆ ತನ್ನ ಹೊಣೆ ಇಲ್ಲ ಅಂತ ಅವನು ಮನವರಿಕೆ ಮಾಡದಿದ್ದರೆ, ಪೂರ್ತಿ ಬಿಡುಗಡೆ ಕೊಡಬೇಡಿ ಅಂತ ಆ ಕಾಯ್ದೆಯ 42ನೇ ಕಲಂ ಹೇಳುತ್ತೆ.

ಹಾಗಾಗಿ ಮೊದಲ ಪ್ರಶ್ನೆ, ನಿಮ್ಮ ಕಾಂಟ್ರಾಕ್ಟರ್ ಯಾರು? ಬಿಲ್ಲಿನ ಮೇಲಿನ ಜಿಎಸ್‌ಟಿ ನಂಬರನ್ನು ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿದರೆ, ಕಂಪನಿಯೋ ಒಬ್ಬನ ಮಾಲೀಕತ್ವವೋ ಪಾಲುದಾರಿಕೆಯೋ ಅಂತ ತೋರಿಸುತ್ತೆ. ಎರಡು ನಿಮಿಷದ ಕೆಲಸ. ಕಂಪನಿಯಾದರೆ ವಿಷಯ ಬೆಂಗಳೂರಿನ ಎನ್‌ಸಿಎಲ್‌ಟಿಗೆ ಹೋಗುತ್ತೆ. ಅಲ್ಲಿ ಅರ್ಜಿ ಅಂಗೀಕಾರ ಆದ ಕ್ಷಣದಿಂದ ಮೊರಟೋರಿಯಂ; ಕಂಪನಿಯ ಮೇಲಿನ ನಿಮ್ಮ ಸಿವಿಲ್ ದಾವೆ, ಗ್ರಾಹಕ ದೂರು ಎಲ್ಲ ಇದ್ದಲ್ಲೇ ನಿಲ್ಲುತ್ತೆ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತೆ, ಅದರಲ್ಲಿರೋ ದಿನಾಂಕದೊಳಗೆ ಕ್ಲೇಮ್ ಹಾಕಬೇಕು. ಪ್ರಕ್ರಿಯೆ ಶುರು ಮಾಡಿಸೋಕೆ 2020ರ ಮಾರ್ಚ್‌ನಿಂದ ಒಂದು ಕೋಟಿಯ ಬಾಕಿ ಬೇಕು, ಆದರೆ ಶುರುವಾದ ಮೇಲೆ ಕ್ಲೇಮ್ ಹಾಕೋಕೆ ಅಂಥ ಮಿತಿ ಇಲ್ಲ. ಕಂಪನಿ ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ಇನ್ನೊಂದು ಹಿಡಿಕೆ ಇದೆ. 2021ರ ಮಾರ್ಚ್‌ನಲ್ಲಿ ಮೋಹನ್‌ರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಮೊರಟೋರಿಯಂ ಕಂಪನಿಗೆ ಮಾತ್ರ, ಹೊಣೆ ಹೊತ್ತ ನಿರ್ದೇಶಕರ ಮೇಲಿನ ಚೆಕ್ ಬೌನ್ಸ್ ಕೇಸು ನಡೆಯುತ್ತೆ ಅಂತ.

ವ್ಯಕ್ತಿಯಾದರೆ ಆಟವೇ ಬೇರೆ. 'ನಾನು ಪಾಪರ್ ಹಾಕೀನಿ, ಇನ್ನ ಏನೂ ಮಾಡ್ಲಿಕ್ಕೆ ಬರೂದಿಲ್ಲ' ಅಂತ ಹೆದರಿಸ್ತಾರೆ. ಸುಳ್ಳು. ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ದಿವಾಳಿ ಆಗಲ್ಲ, ಕೋರ್ಟು ಘೋಷಿಸಬೇಕು. ಘೋಷಣೆ ಆಗೋವರೆಗೆ ನಿಮ್ಮ ದಾವೆ ಹೂಡೋಕೆ ಆ ಕಾಯ್ದೆ ಅಡ್ಡ ಬರಲ್ಲ. ಘೋಷಣೆ ಆದ ಮೇಲೆ ಹೊಸ ದಾವೆಗೆ ದಿವಾಳಿ ಕೋರ್ಟಿನ ಅನುಮತಿ ಬೇಕು, ಅಷ್ಟೇ. ಅವನ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲವಾ? ನೀವೇ ಹೋಗಿ ಪುರಾವೆ ಕೊಟ್ಟು ಸೇರಿಸಬೇಕು. ಕರಾರು ಮುರಿದ ನಷ್ಟವೂ ಅಲ್ಲಿ ಲೆಕ್ಕಕ್ಕೆ ಬರುತ್ತೆ. ದಿವಾಳಿಗೆ ಮುಂಚಿನ ಎರಡು ವರ್ಷದಲ್ಲಿ ಬೆಲೆ ಪಡೆಯದೆ ಹೆಂಡತಿ ಹೆಸರಿಗೋ ಮೈದುನನ ಹೆಸರಿಗೋ ಬರೆದುಕೊಟ್ಟ ಆಸ್ತಿಯನ್ನು ಕೋರ್ಟು ರದ್ದು ಮಾಡಬಹುದು. ಮೂರು ತಿಂಗಳ ಒಳಗೆ ಬೇಕಾದವನೊಬ್ಬನಿಗೆ ಮಾತ್ರ ತೀರಿಸಿದ್ದರೆ ಅದನ್ನೂ. ಮೋಸದಿಂದ ಹುಟ್ಟಿದ ಬಾಕಿಗೆ ದಿವಾಳಿಯ ಬಿಡುಗಡೆ ಅನ್ವಯಿಸಲ್ಲ, 44ನೇ ಕಲಂ. ನಮ್ಮ ಕಾಂಟ್ರಾಕ್ಟರ್ ಆರು ತಿಂಗಳ ಹಿಂದಷ್ಟೇ ಒಂದು ಸೈಟನ್ನು ಆ ಮೈದುನನ ಹೆಸರಿಗೆ ಮಾಡಿದ್ದ ಅಂತ ನಮಗೆ ತಿಳಿದಿದ್ದು ಬಹಳ ವರ್ಷಗಳ ಮೇಲೆ.

ಇನ್ನು ಆ ಚೌಕಟ್ಟುಗಳು. 28ನೇ ಕಲಮಿನಲ್ಲಿ ಒಂದು ಸಣ್ಣ ಮಾತಿದೆ. ನಿಜವಾದ ಮಾಲೀಕನ ಒಪ್ಪಿಗೆಯಿಂದಲೇ ವ್ಯಾಪಾರಿಯ ವಶದಲ್ಲಿದ್ದು, ನೋಡಿದವರಿಗೆ ಇದು ವ್ಯಾಪಾರಿಯದೇ ಅನ್ನಿಸುವಂತಿದ್ದ ಸರಕನ್ನು ದಿವಾಳಿಯಾದವನ ಆಸ್ತಿ ಅಂತಲೇ ಹಿಡಿಯಬಹುದು. ಮಳೆಗೆ ತೊಯ್ಯದಿರಲಿ ಅಂತ ಇಟ್ಟ ಸಾಗವಾನಿ ಹಾಗೆ ಹರಾಜಿಗೆ ಹೋಯ್ತು. ರಸೀದಿ ಅಪ್ಪನ ಹತ್ತಿರ ಇತ್ತು. ತೋರಿಸೋಕೆ ಅವರು ಕೋರ್ಟಿಗೆ ಹೋಗಬೇಕಿತ್ತು. ಸಿಮೆಂಟು, ಸಳಿ, ಟೈಲ್ಸ್ ನಿಮ್ಮ ಹೆಸರಿನ ಬಿಲ್ಲಿನಲ್ಲಿ, ನಿಮ್ಮ ಸೈಟಿನಲ್ಲಿ ಇರಲಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ಗ್ರಾಹಕರ ಬಾಗಿಲು ಈಗ ಇನ್ನೂ ಅಗಲ ಆಗಿದೆ. 2019ರ ಹೊಸ ಕಾಯ್ದೆ 2020ರ ಜುಲೈನಿಂದ ಜಾರಿಗೆ ಬಂದ ಮೇಲೆ, ಬ್ಯಾಡಗಿಯವನು ಕಾಂಟ್ರಾಕ್ಟರನ ಊರಿಗೆ ಹೋಗಬೇಕಿಲ್ಲ, ತಾನಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀ ಇಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ಸಾಕು. ವಕೀಲರು ಕಡ್ಡಾಯವಲ್ಲ. ಆದೇಶ ಪಾಲಿಸದವನಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಆಗಬಹುದು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ಮನೆ ಕೊಡದ ಬಿಲ್ಡರ್ ಒಬ್ಬ ರಾಷ್ಟ್ರೀಯ ಗ್ರಾಹಕ ಆಯೋಗದ ದಂಡ ತಪ್ಪಿಸಿಕೊಳ್ಳೋಕೆ ತನ್ನ ವೈಯಕ್ತಿಕ ದಿವಾಳಿ ಅರ್ಜಿಯನ್ನು ಅಡ್ಡ ಹಿಡಿದಾಗ, ಇದು ಸಾಲವಲ್ಲ, ದಂಡ, ನಿಲ್ಲಲ್ಲ ಅಂದಿತು. ಎರಡು ವರ್ಷದ ಗಡುವು ಮಾತ್ರ ಹಾಗೇ ಇದೆ. ಮೈದುನನ ಮಾತು ಕೇಳಿ ಕೂರಬೇಡಿ.

ರೇರಾ ಬಗ್ಗೆ ಕೇಳ್ತೀರಿ. ರೇರಾ ಕಾಯ್ದೆ ಪ್ರಕಾರ ಖರೀದಿದಾರರಿಂದ ಬಂದ ದುಡ್ಡಿನ ಶೇ. 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಇದರ ಹಿಂದೆ ಒಂದು ಹಳೇ ಉಪಾಯ ಇದೆ. 1970ರ ದಶಕದಲ್ಲಿ ಇಂಗ್ಲೆಂಡಿನ ಕೇಫರ್ಡ್ ಅನ್ನೋ ಅಂಚೆ ಮೂಲಕ ಮಾಲು ಮಾರುವ ಕಂಪನಿ, ಮುಳುಗುವ ಮುನ್ನ ಗಿರಾಕಿಗಳ ಮುಂಗಡವನ್ನು ಬೇರೆ ಖಾತೆಗೆ ಹಾಕಿತ್ತು. ಕಂಪನಿ ದಿವಾಳಿಯಾದಾಗ ಆ ದುಡ್ಡು ಸಾಲಗಾರರ ಪಾಲಿಗಲ್ಲ, ಗಿರಾಕಿಗಳಿಗೇ ಸೇರಿದ್ದು ಅಂತ ಕೋರ್ಟು ಹೇಳಿತು. ದುಡ್ಡು ಬೆರೆಯದಿದ್ದರೆ ಮುಳುಗಲ್ಲ. ಆದರೆ ರೇರಾ ಇರೋದು ಫ್ಲ್ಯಾಟು, ಲೇಔಟು ಮಾರೋರಿಗೆ. ನಿಮ್ಮ ಸ್ವಂತ ಸೈಟಿನಲ್ಲಿ ಮನೆ ಕಟ್ಟೋ ಕಾಂಟ್ರಾಕ್ಟರಿಗೆ ಅದು ಅನ್ವಯಿಸಲ್ಲ. ಅಲ್ಲಿ ನೀವೇ ಲೋಕೋಪಯೋಗಿ ಇಲಾಖೆ ಆಗಬೇಕು. ಪಾಯ ಮುಗಿದ ಮೇಲೆ ಪಾಯದ ದುಡ್ಡು, ಸ್ಲ್ಯಾಬ್ ಬಿದ್ದ ಮೇಲೆ ಸ್ಲ್ಯಾಬಿನ ದುಡ್ಡು, ಕೊನೆಗೆ ಶೇ. 5ರಿಂದ 10ರಷ್ಟು ಕೈಯಲ್ಲೇ. ಬ್ಯಾಂಕ್ ಮೂಲಕವೇ. ಕಾಂಟ್ರಾಕ್ಟರ್ ಮುಖ ಕಹಿ ಮಾಡ್ತಾನೆ, ಮಾಡಲಿ.

ನಮ್ಮ ಮನೆ ಮುಗಿದಿದ್ದು 2013ರಲ್ಲಿ. ಅವ್ವನ ಬಳೆ ಹೋದವು, ಗೌಂಡಿಗಳಿಗೆ ಅಪ್ಪ ದಿನಗೂಲಿ ಲೆಕ್ಕದಲ್ಲೇ ಕೊಟ್ಟು ಕಟ್ಟಿಸಿದರು. ಆ ಕಾಂಟ್ರಾಕ್ಟರನ ಮೇಲೆ ಅವರಿಗೆ ದ್ವೇಷ ಇರಲಿಲ್ಲ. ಅವನಿಗೂ ಯಾರೋ ಬಿಲ್ ಕೊಡದೆ ಮುಳುಗಿಸಿದ್ದರಂತೆ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಲಕ್ಷ್ಮೀಪೂಜೆಯ ದಿನ ಅಪ್ಪ ಹೊಸ ಖತಾವಣಿ ತೆಗೆದು ಹಳೇ ಬಾಕಿಗಳನ್ನು ಎತ್ತಿ ಬರೆಯುತ್ತಿದ್ದರು. ಅಂಗಡಿಯದ್ದಲ್ಲ, ಮನೆಯದ್ದು. ಹೆಗಲ ಮೇಲಿಂದ ಇಣುಕಿ ನೋಡಿದೆ. ಬರಬೇಕಾದ್ದು ಅನ್ನೋ ಬದಿಯಲ್ಲಿ, ಆ ಕಾಂಟ್ರಾಕ್ಟರನ ಹೆಸರು, ಮುಂದೆ 1,85,000.

"ಇದೇನಪಾ, ಇನ್ನೂ ಬರೀತೀಯಲ್ಲ? ಸಾಲ ಕೊಟ್ಟಿಲ್ಲ ಅಂದಿದ್ದಿ?"

ಅಪ್ಪ ತಲೆ ಎತ್ತಲಿಲ್ಲ. "ಖತಾವಣಿ ಕೋರ್ಟ್ ಅಲ್ಲೋ ತಮ್ಮಾ" ಅಂದು ಮುಂದಿನ ಸಾಲಿಗೆ ಹೋದರು.